ಚಿಗವ್ವನಿಗೆ ಇಲ್ಲದ ಕಾಯಿಲೆ

ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ ನೋಟುಬುಕ್ಕೊಂದು ನನ್ನ ಬಳಿ ಇದೆ. ಇಪ್ಪತ್ತು ವರ್ಷಗಳ ಹಿಂದೆ ಎಂಬಿಬಿಎಸ್ ಓದುವಾಗ ಬರೆದದ್ದು. ನಲವತ್ತೆರಡನೆಯ ವಯಸ್ಸಿನಲ್ಲಿ ಪಿ.ಜಿ. ಪ್ರವೇಶ ಪರೀಕ್ಷೆ ಬರೆಯುವ ಹುಚ್ಚು ಹತ್ತಿ, ಕಲಬುರಗಿಯ ಕುಸನೂರಿನ ನಮ್ಮ ಮನೆಯಲ್ಲಿ ಮಗಳು ಹತ್ತನೆಯ ತರಗತಿಗೆ ಓದುವ ಮೇಜಿನ ಇನ್ನೊಂದು ತುದಿಗೆ ನಾನೂ ಕುರ್ಚಿ ಎಳೆದುಕೊಂಡಾಗ, ಹೊಸ ಪುಸ್ತಕಗಳ ಪಕ್ಕದಲ್ಲಿ ಅದನ್ನೂ ಧೂಳು ಒರೆಸಿ ಇಟ್ಟುಕೊಂಡೆ. ತಾಯಿ ತೂಕಡಿಸಿದರೆ ಮಗಳು ಸ್ಕೇಲಿನಿಂದ ಮೇಜು ಕುಟ್ಟುತ್ತಾಳೆ. ಇಂಥ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಆ ನೋಟುಬುಕ್ಕಿನ ಗುಟ್ಟನ್ನು ನಿಮಗೆ ಹೇಳಬಹುದು. ರೋಗಲಕ್ಷಣಗಳ ಪಟ್ಟಿಗಳೆಂದರೆ ಬಾಯಿಪಾಠಕ್ಕೆ ಒಗ್ಗದ ವಸ್ತುಗಳು: ಇಷ್ಟು ಮುಖ್ಯ ಲಕ್ಷಣ, ಅಷ್ಟು ಪೂರಕ ಲಕ್ಷಣ, ಇದಿದ್ದರೆ ಅದಲ್ಲ. ಅದಕ್ಕೇ ನಮ್ಮ ಹಾಸ್ಟೆಲಿನಲ್ಲಿ ಒಂದೊಂದು ರೋಗಕ್ಕೂ ಗುರುತಿನವರೊಬ್ಬರ ಮುಖ ಕಟ್ಟುತ್ತಿದ್ದೆವು. ಥೈರಾಯಿಡ್ ಕುಂದಿದ್ದಕ್ಕೆ ಸದಾ ಸ್ವೆಟರು ತೊಟ್ಟ ನಮ್ಮ ವಾರ್ಡನ್, ಸಂಧಿವಾತಕ್ಕೆ ಗೆಳತಿಯ ಅಜ್ಜಿ. ಯಾರ ಮುಖವೂ ಹೊಂದದ ಪಾರ್ಕಿನ್ಸನ್ಸ್‌ಗೆ ನಾನು ತಿರುಗಾಮುರುಗಾ ಒಂದು ಉಪಾಯ ಹೂಡಿದ್ದೆ. ಆ ರೋಗ ಕಸಿದುಕೊಳ್ಳುವುದೆಲ್ಲವೂ ಕಮಲಾಪುರದ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಮಹಾನಂದಾಳಲ್ಲಿ ಧಾರಾಳವಾಗಿತ್ತು. ಅವಳು ಶಾಲಾ ಶಿಕ್ಷಕಿ. ಕೈ ಬೀಸಿಕೊಂಡು ದಾಪುಗಾಲಿಡುವವಳು, ಬೋರ್ಡಿನ ತುಂಬ ದಪ್ಪ ಅಕ್ಷರ ಬರೆಯುವವಳು, ಮಾತಿಗೊಮ್ಮೆ ಮುಖ ಅರಳಿಸುವವಳು. ಬುಟ್ಟಿಯಲ್ಲಿ ಮುಚ್ಚಿಟ್ಟ ಕೆಂಪು ಬಾಳೆ ಎಂದು ಹಣ್ಣಾಗುತ್ತದೆಂದು ಪಡಸಾಲೆಯಲ್ಲಿ ಕುಳಿತೇ ಮೂಸಿ ಹೇಳುತ್ತಿದ್ದಳು. ‘ಚಿಗವ್ವನಿಗೆ ಇಲ್ಲದ್ದು’ ಎಂದು ಪುಟದ ನೆತ್ತಿಗೆ ಬರೆದಿದ್ದೆ. ಪರೀಕ್ಷೆಯಲ್ಲಿ ಅವಳನ್ನು ನೆನೆದು, ಎಲ್ಲವನ್ನೂ ಉಲ್ಟಾ ಮಾಡಿ ಬರೆದು ಪಾಸಾದೆ.

ಕಳೆದ ವಾರ ಹೊಸ ಪುಸ್ತಕದಲ್ಲಿ ಅದೇ ರೋಗದ ಪುಟಕ್ಕೆ ಬಂದೆ. ಚಲನೆ ನಿಧಾನವಾಗಿರಲೇಬೇಕು, ಜೊತೆಗೆ ವಿಶ್ರಾಂತಿಯಲ್ಲಿದ್ದಾಗಿನ ನಡುಕವೋ ಸ್ನಾಯುಗಳ ಬಿಗಿತವೋ, ಎರಡರಲ್ಲಿ ಒಂದಾದರೂ ಇರಬೇಕು. ಅಂದರೆ ಕೈ ನಡುಗಲೇಬೇಕೆಂದಿಲ್ಲ. ನಮ್ಮ ಕಾಲದ ಪಟ್ಟಿಯಲ್ಲಿ ಜಾಗವಿಲ್ಲದಿದ್ದ ಒಂದು ಸಂಗತಿ ಈಗ ಪೂರಕ ಲಕ್ಷಣವಾಗಿ ಸೇರಿತ್ತು: ವಾಸನೆ ತಿಳಿಯದಿರುವುದು. ಅಭ್ಯಾಸಬಲದಿಂದ ಚಿಗವ್ವನ ಮುಖ ನೆನೆದೆ. ಬಂದದ್ದು ಹಳೆಯ ಮುಖವಲ್ಲ, ಹಿಂದಿನ ಭಾನುವಾರ ಕಂಡ ಮುಖ.

ಆ ಭಾನುವಾರ ಅವಳ ಅಡುಗೆಮನೆಯಲ್ಲಿ ಬಾಳೆಹಣ್ಣು ಕೊಳೆತು ನಾರುತ್ತಿತ್ತು, ಅವಳು ಅಲ್ಲೇ ನಿಂತು ಚಹಾ ಸೋಸುತ್ತಿದ್ದಳು. ಕಿರಾಣಿ ಚೀಟಿಯ ಅಕ್ಷರಗಳು ಸಾಸಿವೆಯಷ್ಟಾಗಿದ್ದವು; ಕನ್ನಡಕ ಬದಲಿಸು ಎಂದು ನಾನು ಚೇಷ್ಟೆ ಮಾಡಿದ್ದೆ. ನಕ್ಕಳೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಎಡಭುಜ ಹಿಡಿದಿದೆ ಎಂದು ಅವಳು ಮೊದಲ ಸಲ ಹೇಳಿದಾಗ ಮುಲಾಮು ಬರೆದುಕೊಟ್ಟು, ವಯಸ್ಸಾಯಿತಲ್ಲ ಎಂದವಳೂ ನಾನೇ. ತಿಂಗಳಿಗೊಮ್ಮೆ ಎದುರು ಕುಳಿತು ಚಹಾ ಕುಡಿದವಳು, ನೋಟುಬುಕ್ಕಿನ ಚಿಗವ್ವನನ್ನೇ ನೋಡಿ ಎದ್ದುಬಂದಿದ್ದೆ. ಜಗತ್ ವೃತ್ತದ ಬಳಿಯ ಕ್ಲಿನಿಕ್ಕಿನಲ್ಲಿ ದಿನಕ್ಕೆಷ್ಟೋ ಅಪರಿಚಿತರ ನಾಡಿ ಹಿಡಿಯುವ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಹುಮನಾಬಾದಿನ ಬಸ್ಸು ಹತ್ತಿ ಕಮಲಾಪುರದಲ್ಲಿಳಿದೆ. ಚಿಗವ್ವನನ್ನು ಕೂರಿಸಿ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತೆಗೆ, ಬೇಗ ಬೇಗ ಎಂದೆ. ಬಲಗೈ ಸರಾಗವಾಗಿ ಆಡಿತು. ಎಡಗೈಯ ಬೆರಳುಗಳು ನಾಲ್ಕಾರು ಸಲ ಅಗಲಿ, ಆಮೇಲೆ ಸಣ್ಣ ಸಣ್ಣದಾಗಿ, ಕೊನೆಗೆ ಅಂಟಿಕೊಂಡು ನಿಂತವು. ಮೊಣಕೈ ಮಡಚಿ ಬಿಡಿಸಿದಾಗ ಅದು ತಡೆತಡೆದು ಬಂತು. ನನಗನಿಸಿದ್ದನ್ನು ಮುಚ್ಚಿಡದೆ ಹೇಳಿದೆ. ಖಚಿತಪಡಿಸಲು ಕಲಬುರಗಿಯ ನರರೋಗ ತಜ್ಞರಿಗೆ ತೋರಿಸಬೇಕು, ಮಾತ್ರೆಗಳಿವೆ, ಹಿಡಿತದಲ್ಲಿಡಬಹುದು ಎಂದೆ. ಮೊದಲೇ ಕಂಡುಹಿಡಿಯಬೇಕಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಚಿಗವ್ವ ತನ್ನ ಎಡಗೈ ನೋಡಿಕೊಂಡಳು. ಆಮೇಲೆ ಪಕ್ಕದ ಮನೆಯ ರಜಿಯಾಳ ಮಾತು ತೆಗೆದಳು. ರಜಿಯಾ ಬೇಗಂ ಓಣಿಗೆಲ್ಲ ರವಿಕೆ ಹೊಲಿಯುವವಳು. ತೋಳಿನ ಅಳತೆ ತೆಗೆಯುವಾಗ ಕೈ ಬಿಗಿದಿರುವುದನ್ನು ಕಂಡಿದ್ದಳಂತೆ.

“ರಜಿಯಾ ಎರಡು ವರ್ಷದಿಂದ ಹೇಳಾಕತ್ತಿದ್ಲು, ಟೀಚರಬಾಯಿ, ನಿಮ್ಮ ಕೈ ಸರಿ ಇಲ್ರೀ, ದೊಡ್ಡ ದವಾಖಾನಿಗೆ ತೋರಸ್ರಿ ಅಂತ. ನಾನ ಅಕಿಗಿ ಬೈದೀನಿ. ನಮ್ಮ ಹುಡುಗಿ ಡಾಕ್ಟರ್ ಅದಾಳ, ತಿಂಗಳಾ ಬಂದು ನನ್ನ ಮುಂದ ಕುಂತು ಹೋಗ್ತಾಳ, ಏನರ ಇದ್ದಿದ್ರ ಅಕಿ ಹೇಳ್ತಿದ್ದಿಲ್ಲೇನು ಅಂದೀನಿ.”

ದೂರಿನ ಸೊಲ್ಲೇ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಾಳಿಕೊಳ್ಳುತ್ತಿದ್ದೆನೇನೋ. ನಾನು ಅಳತೊಡಗಿದೆ. ಅವಳು ಕುರ್ಚಿಯ ಕೈ ಹಿಡಿದು, ಎರಡು ಸಲ ಸೋತು, ಮೂರನೆಯ ಸಲಕ್ಕೆ ಎದ್ದಳು.

“ನಡಿ, ರಜಿಯಾನ ಮನೀಗಿ ಹೋಗಿ ಬರೋಣು,” ಎಂದಳು. “ಬೈದಿದ್ದಕ್ಕ ಮಾಫಿ ಕೇಳಬೇಕು ನಾ.”