‘ನಮ್ಮ ಮನೆಯವರು’ ಎಂಬ ಪೀರಿಯಡ್

ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಭಾರತೀಯ ಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಸಮಾಜ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ಫ್ರಾನ್ಸಿನ ರಾಜನ ತಲೆ ಯಾಕೆ ಹೋಯಿತೆಂದು ನನ್ನ ಮಕ್ಕಳು ಪಟಪಟನೆ ಹೇಳುತ್ತಿದ್ದರು. ನಿಮ್ಮ ಅಜ್ಜ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ಮಾತ್ರ ಎ.ಸಿ. ಕಡೆ ಮುಖ ಮಾಡಿ ಕೂರುತ್ತಿದ್ದರು.

ಒಮ್ಮೆ ಅವರನ್ನು ಸೂಕ್ ಎನ್ನುವ ಅಲ್ಲಿನ ಹಳೇ ಪೇಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಅಂಗಡಿಯ ಮುದುಕರೊಬ್ಬರು, ಕತಾರಿನವರೇ, ಒಂದು ಪುಟ್ಟ ಡಬ್ಬಿ ತೆರೆದು ಮೂಗಿಗೆ ಸಿಕ್ಕಿಸುವ ಕ್ಲಿಪ್ಪೊಂದನ್ನು ತೋರಿಸಿದರು. ಅವರ ತಂದೆ ಮುತ್ತು ತೆಗೆಯಲು ಸಮುದ್ರಕ್ಕೆ ಇಳಿಯುವಾಗ ಅದನ್ನು ಹಾಕಿಕೊಳ್ಳುತ್ತಿದ್ದರಂತೆ. "ಬಹುತ್ ಗರೀಬ್ ಥಾ," ಎಂದು ಹರಕು ಹಿಂದಿಯಲ್ಲಿ ಹೇಳಿದರು. ಬಡತನದ ಮಾತನ್ನು ಅಷ್ಟು ಹೆಮ್ಮೆಯಿಂದ ಆಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಕ್ಕಳು ಅವತ್ತು ಒಬ್ಬರೂ ಗಲಾಟೆ ಮಾಡಲಿಲ್ಲ.

ವಾಪಸು ಬಂದವಳೇ ಪ್ರಿನ್ಸಿಪಾಲರ ಬೆನ್ನು ಹತ್ತಿದೆ. ಬುಧವಾರದ ಕೊನೆಯ ಲೈಬ್ರರಿ ಪೀರಿಯಡ್ ನನಗೆ ಕೊಡಿ, ಮಕ್ಕಳು ತಮ್ಮ ತಮ್ಮ ಮನೆಯವರ ಬಗ್ಗೆ ಮಾತಾಡಲಿ ಎಂದೆ. ಪೋರ್ಷನ್ ಬಾಕಿ ಉಳಿಯಬಾರದು ಎಂದು ಗದರಿಸಿ ಕೊಟ್ಟರು. ಟರ್ಮ್ ಮುಗಿಯುವಾಗ ಒಂದು ದಿನ ಮನೆಯವರನ್ನೂ ಕರೆಯಬೇಕು, ಅದು ಚೆನ್ನಾಗಿ ನಡೆದರೆ ಮುಂದಿನ ವರ್ಷವೂ ಈ ಪೀರಿಯಡ್ ನಿಮ್ಮದೇ ಎಂದರು.

ಮೊದಲ ವಾರ ನಾನೇ ಮಾತಾಡಿದೆ. ನಾನು ಮೈಸೂರಿನವಳು. ಅರಮನೆಯ ದೀಪ, ದಸರಾ, ಆನೆ, ಎಲ್ಲ ಹೇಳಿದೆ. ಸುಳ್ಳೇನೂ ಹೇಳಲಿಲ್ಲ, ಬೇಲಿಯಾಚೆ ನಿಂತು ನೋಡಿದ್ದು ನಿಜವೇ. ನಮ್ಮಮ್ಮ ಎರಡು ಕೋಣೆಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆಯುತ್ತಿದ್ದಳು ಎಂಬುದನ್ನು ಬಿಟ್ಟುಬಿಟ್ಟೆ. ಅವಳ ಅಂಗೈಯ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಶಾಲೆಗೆ ಬಂದರೆ ಕೈಯನ್ನು ಸೆರಗಿನೊಳಗೇ ಇಟ್ಟುಕೋ ಎಂದು ಅವಳಿಗೆ ಹೇಳಿಕೊಟ್ಟಿದ್ದವಳು ನಾನು.

ಮಂಗಳೂರು ಕಡೆಯ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಮನೆಮಾತು ತುಳು, ಅಪ್ಪ ಒಂದು ಆಫೀಸಿನಲ್ಲಿ ಗುಮಾಸ್ತ. ಅವಳ ಅಜ್ಜಿ ಆಗ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹುಡುಗಿ ಸ್ಟಾಫ್ ರೂಮಿಗೆ ಬಂದು ಗುಟ್ಟು ಹೇಳುವವಳಂತೆ ಕೇಳಿದಳು:

"ಮ್ಯಾಮ್, ನನ್ನ ಅಜ್ಜಿ ಬೀಡಿ ಕಟ್ತಾರೆ. ಐ ಮೀನ್, ಕಟ್ತಾ ಇದ್ರು. ತುಂಬಾ ಫಾಸ್ಟ್. ಅದನ್ನು ಹೇಳ್ಬಹುದಾ?"

"ಬೀಡಿನಾ? ಸ್ಕೂಲಲ್ಲಿ ತಂಬಾಕಿನ ಮಾತು ಚೆನ್ನಾಗಿರಲ್ಲಮ್ಮಾ. ನಿಮ್ಮ ಕಡೆ ಯಕ್ಷಗಾನ ಇದೆಯಲ್ಲ, ಅದನ್ನ ಮಾಡು."

"ನಾನು ಅದನ್ನು ನೋಡಿಯೇ ಇಲ್ಲ ಮ್ಯಾಮ್."

"ನೆಟ್‌ನಲ್ಲಿ ಸಿಗತ್ತೆ, ನೋಡಿಕೋ."

ತಂಬಾಕು ಬರೀ ನೆಪವಾಗಿತ್ತು. ಇದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ಹುಡುಗಿ ಸರಿ ಎಂದು ಹೋದಳು.

ಮನೆಯವರು ಬಂದ ದಿನ ಬೆಂಚುಗಳನ್ನು ಗೋಡೆಗೆ ಸರಿಸಿದ್ದೆವು. ಪ್ರಿನ್ಸಿಪಾಲರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿ ಕಿರೀಟ, ಗೆಜ್ಜೆ, ಚೆಂಡೆಯ ಚಿತ್ರ ಅಂಟಿಸಿದ ಚಾರ್ಟ್ ಹಿಡಿದು ಒಳ್ಳೆಯ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಓದಿದಳು. ಹಿಂದಿನ ಸಾಲಿನಲ್ಲಿ ಕೂತ ಅವಳ ಅಜ್ಜಿ, ಒಂದಕ್ಷರ ಅರ್ಥವಾಗದಿದ್ದರೂ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಯಾರು ಏನು ಬೇಕಾದರೂ ಕೇಳಬಹುದು ಎಂಬುದು ನಾನೇ ಮಾಡಿದ್ದ ನಿಯಮ. ಒಬ್ಬ ಸಹಪಾಠಿ ಕೈ ಎತ್ತಿ, ನಿನ್ನ ಮನೆಯಲ್ಲಿ ಯಾರು ಕುಣಿಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹುಡುಗಿ ಅಜ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹೇಳಲೋ ಬೇಡವೋ ಎಂದು ಆ ಕಣ್ಣು ಕೇಳುತ್ತಿತ್ತು. ಹೂಂ ಎನ್ನಲೂ ಆಗದೆ, ಉಹೂಂ ಎನ್ನಲೂ ಆಗದೆ ಸುಮ್ಮನೆ ನಿಂತೆ.

ಅವಳು ಚಾರ್ಟನ್ನು ಮೇಜಿನ ಮೇಲಿಟ್ಟಳು. ಯಾರೂ ಕುಣಿಯುವುದಿಲ್ಲ, ನನ್ನ ಅಜ್ಜಿ ಬೀಡಿ ಕಟ್ಟಿ ನನ್ನ ಅಪ್ಪನನ್ನು ಓದಿಸಿದರು ಎಂದಳು.

ಅಷ್ಟು ಇಂಗ್ಲಿಷಿನ ನಡುವೆ ಅಜ್ಜಿಗೆ ತಿಳಿದದ್ದು ಬೀಡಿ ಎಂಬ ಒಂದೇ ಮಾತು. ದಡಬಡಿಸಿ ಎದ್ದು ನಿಂತರು.

"ಅದನ್ನೆಲ್ಲ ಇಲ್ಲಿ ಯಾಕೆ ಹೇಳುದು ಟೀಚರೇ? ಸಣ್ಣವಳು, ಗೊತ್ತಾಗುದಿಲ್ಲ ಅವಳಿಗೆ. ಬೇಜಾರು ಮಾಡ್ಬೇಡಿ."

ಹೇಳುತ್ತಲೇ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ನಮ್ಮಮ್ಮ ಊದುಬತ್ತಿ ಹೊಸೀತಿದ್ರು," ಎಂದೆ. ಆಮೇಲೆ ತರಗತಿಗೂ ಪ್ರಿನ್ಸಿಪಾಲರಿಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಊರಿಗೆ ಬಂದು ಎಂಟು ವರ್ಷವಾಗಿತ್ತು, ಅದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಕಟ್ಟಿ ತೋರಿಸಿ ಎಂದು ಮಕ್ಕಳು ಅಜ್ಜಿಯನ್ನು ಬಿಡಲಿಲ್ಲ. ರಫ್ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟರು, ಯಾರೋ ಕತ್ತರಿ ತಂದರು. ಎಲೆಯೂ ಇಲ್ಲ, ಮೊರವೂ ಇಲ್ಲ ಎಂದು ಗೊಣಗುತ್ತಲೇ ಅಜ್ಜಿ ಕೂತರು. ಕಾಗದ ಬೆರಳಿನಲ್ಲಿ ತಿರುಗಿದ್ದು ಕಂಡಿತು, ತುದಿ ಮಡಚಿದ್ದು ಯಾರಿಗೂ ಕಾಣಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಮಕ್ಕಳು ಮುತ್ತಿಕೊಂಡರು. ಪ್ರಿನ್ಸಿಪಾಲರೂ ಕುರ್ಚಿ ಬಿಟ್ಟು ಬಂದು ಬಗ್ಗಿ ನೋಡಿದರು.

ಬೆಲ್ ಹೊಡೆದ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಬಿಸಿಯಾದ, ಒರಟಾದ ಬೆರಳುಗಳು.

"ಹಾಗಾದ್ರೆ ನಿಮಗೆ ಇದೆಲ್ಲ ಗೊತ್ತುಂಟು ಟೀಚರೇ. ಅದಕ್ಕೇ ಅಲ್ವಾ ಇವಳಿಗೆ ಹೇಳ್ಲಿಕ್ಕೆ ಬಿಟ್ಟದ್ದು!"

ಪಕ್ಕದಲ್ಲಿ ಹುಡುಗಿ ಚಾರ್ಟ್ ಸುರುಳಿ ಸುತ್ತುತ್ತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು, ಅಜ್ಜಿಗೆ ಏನೂ ಹೇಳಲಿಲ್ಲ. ಹೇಳುವವಳೂ ಅಲ್ಲ. ನಾನೇ ಹೇಳಬೇಕಾಯಿತು.

"ಇಲ್ಲಮ್ಮಾ," ಎಂದೆ, "ನಾನು ಬಿಟ್ಟಿರಲಿಲ್ಲ."