ಅಬ್ದಲಿಯ ಸೌತೆ ಗದ್ದೆ ಸುಟ್ಟ ಬೆಳಗು

ಆಗೆಲ್ಲ ಕುವೈತಿನಲ್ಲಿ ಚಳಿಗಾಲ ಬಂತೆಂದರೆ ಮಂಗಫಿನ ಫ್ಲಾಟಿಗೆ ಬೀಗ ಹಾಕಿ ಉತ್ತರದ ಅಬ್ದಲಿಗೆ ಹೊರಡುವುದೇ ನಮ್ಮ ರಜೆ. ಅಲ್ಲಿನ ಒಂದು ತೋಟಕ್ಕೆ ಅಪ್ಪ ಮೇಸ್ತ್ರಿ. ಅಮ್ಮನ ತಮ್ಮ ಸುಂದರ ಮಾವ ಅವನ ಕೈಕೆಳಗೆ. ಕುರಿಗೊಬ್ಬರದ ನಾತ, ಮಾವ ಕಾಯಿಸುವ ಬಂಗುಡೆಯ ಘಮ, ಎರಡೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಡೊಂಕಾದ ಸೌತೆಕಾಯಿಗಳನ್ನು ಗೋಡೆಗೆ ಎಸೆದು ಒಡೆಯುವುದು ನನ್ನ, ಮಾವನ ಆಟ. ಸೋತವರ ಬೆನ್ನಿಗೆ ಗುದ್ದು. ಮಾವ ಬೇಕೆಂದೇ ಸೋಲುತ್ತಿದ್ದ.

ಊರಿನ ಸೌತೆ ಬೀಜ ಅಲ್ಲಿ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ವರ್ಷ ಬಳ್ಳಿ ತುಂಬ ಕಾಯಿ, ಮರುವರ್ಷ ಬರೀ ಎಲೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತೋಟದ ಯಜಮಾನ, ನಮ್ಮ ಕಫೀಲ್, ಹೇಳಿಯೇಬಿಟ್ಟಿದ್ದ: ಈ ಸಲವೂ ಫಸಲು ಬರದಿದ್ದರೆ ಖಲಾಸ್, ಎಲ್ಲರೂ ಊರಿಗೆ.

ಜನವರಿಯ ಒಂದು ಸಂಜೆ ಅಪ್ಪ ಸಾಲುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ಸುತ್ತತೊಡಗಿದ.

"ಭಾವ, ಇವತ್ತು ಚಳಿ ಜೋರುಂಟು. ಮುಚ್ಚಿಯೇ ಇರ್ಲಿ," ಎಂದ ಮಾವ.

"ನೀನು ನಂಗೆ ಬೇಸಾಯ ಕಲಿಸ್ಬೇಡ. ಊರಲ್ಲಿ ಸೌತೆಗೆ ಪ್ಲಾಸ್ಟಿಕ್ ಯಾರು ಹಾಕ್ತಾರೆ? ಮಂಜು ಬಿದ್ರೇ ಕಾಯಿ ಹಿಡಿಯುದು."

ಮಂಜು ಬಿತ್ತು. ಬಿದ್ದದ್ದು ಎಲೆಯ ಮೇಲೇ ಹೆಪ್ಪುಗಟ್ಟಿತು. ಬೆಳಿಗ್ಗೆ ಇಡೀ ಗದ್ದೆ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ನೆಲ ಹಿಡಿದಿತ್ತು.

ಕಫೀಲನ ಗಾಡಿ ಬಂತು. ಹೊದಿಕೆ ತೆಗೆದದ್ದು ಯಾರೆಂದು ಹರುಕು ಹಿಂದಿಯಲ್ಲಿ ಕೇಳಿದ. ಅಪ್ಪ ಮಾವನ ಕಡೆ ಕೈ ತೋರಿಸಿದ. ಮಾವ ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ನೀರಿನ ಪೈಪಿನ ತುಂಡೆತ್ತಿ ಅವನ ಮುಖಕ್ಕೇ ಬೀಸಿದ. ತುಟಿ ಸೀಳಿತು. ಬಿದ್ದವನ ಬೆನ್ನಿಗೆ, ಮೊಣಕೈಗೆ, ಮತ್ತೆ ಬೆನ್ನಿಗೆ. ಮೊಣಕೈ ಮುರಿದ ಸದ್ದು ನನಗೆ ಕೇಳಿಸಿತು. ಕಡೆಗೆ ಕಫೀಲನೇ ಅಪ್ಪನ ರಟ್ಟೆ ಹಿಡಿದು ಎಳೆದ.

ಅಮ್ಮ ಓಡಿಬಂದಳು.

"ಅಕ್ಕ, ನಾನಲ್ಲ," ಎಂದ ಮಾವ. "ಮಗಳು ನೋಡಿದ್ದಾಳೆ, ಕೇಳು."

ಅಮ್ಮ ನನ್ನ ಭುಜ ಹಿಡಿದು ಅಲುಗಿಸಿದಳು. "ಯಾರು ತೆಗೆದದ್ದು? ಸತ್ಯ ಹೇಳು."

ಅಪ್ಪನ ಕೈಯಲ್ಲಿ ಪೈಪ್ ಇನ್ನೂ ಇತ್ತು.

"ಮಾವ," ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ಥೂ, ಉಂಡ ಮನೆಗೆ ಎರಡು ಬಗೆದೆಯಲ್ಲ," ಎಂದು ಅಮ್ಮ ತಮ್ಮನ ಮುಂದೆ ಉಗುಳಿದಳು. ಆ ವಾರವೇ ಅವನನ್ನು ವಿಮಾನ ಹತ್ತಿಸಿದರು. ಅಪ್ಪನ ಕೆಲಸ ಉಳಿಯಿತು.

ಈಗ ಅಬ್ದಲಿಯಲ್ಲಿ ಗಾಜಿನ ಮನೆಗಳಲ್ಲಿ ವರ್ಷವಿಡೀ ಒಂದೇ ಅಳತೆಯ ಸೌತೆ ಬೆಳೆಯುತ್ತಾರೆ. ಫಹಾಹೀಲಿನ ಅಂಗಡಿಯಿಂದ ತರುತ್ತೇನೆ. ಚಳಿಗಾಲಕ್ಕೆ ಕಾಯುವಂಥದ್ದು ನನಗೇನೂ ಉಳಿದಿಲ್ಲ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಹೆದರುವುದಕ್ಕೂ ಯಾರೂ ಇಲ್ಲ. ಆದರೂ ಬಾಯಿ ಬಿಡಲಿಲ್ಲ, ಹೇಡಿ ನಾನು.

ಹೋದ ತಿಂಗಳು ಮಾವ ಸತ್ತನೆಂದು ಊರಿನಿಂದ ಫೋನ್ ಬಂತು. ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ವರ್ಷದಲ್ಲಿ ಒಂದ್ಸಲವಾದ್ರೂ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳ್ಬಹುದಿತ್ತು ಅವ," ಅಂದಳು.

"ಹೌದಮ್ಮ," ಅಂದೆ.