ಸಂಜೆ ಆರರ ಹೋಂವರ್ಕ್

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ಅವಳು ಕಾಜಾ ಅಜ್ಜಿ. ಕೆಳಗಿನ ಅಂಗಡಿಯ ದರ್ಜಿ ಅಂಗಿ ಹೊಲಿದು ಮೇಲಕ್ಕೆ ಕಳಿಸುತ್ತಾನೆ. ಅಜ್ಜಿ ಅದಕ್ಕೆ ಗುಂಡಿ ತೂರಿಸುವ ಕಾಜಾ ಹಾಕಿ, ಗುಂಡಿ ಹಚ್ಚಿ, ನೂಲಿನ ತುದಿಯನ್ನು ಹಲ್ಲಿನಿಂದ ಕಡಿದು ಕೆಳಕ್ಕೆ ಕಳಿಸುತ್ತಾಳೆ. ಮೂವತ್ತೆರಡು ವರ್ಷದಿಂದ ಇದೇ ಕೆಲಸ. ಮೆಷಿನ್ ಕಾಜಾ ಬಂದು ಎಷ್ಟೋ ಕಾಲವಾಯಿತು. ಆದರೂ ದರ್ಜಿಗೆ ಅಜ್ಜಿಯ ಕೈ ಕಾಜಾವೇ ಆಗಬೇಕು, ಅದು ಎಷ್ಟು ಒಗೆದರೂ ಬಾಯಿ ಬಿಡುವುದಿಲ್ಲ. ಅಜ್ಜಿಯ ಬಾಯಿಯೂ ಹಾಗೇ ಇದ್ದಿದ್ದರೆ ಇದನ್ನೆಲ್ಲ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಮನೆಯಲ್ಲಿ ಇರುವುದು ಮೂರು ಜನ: ಅಜ್ಜಿ, ಸೊಸೆ, ಏಳು ವರ್ಷದ ಮೊಮ್ಮಗಳು ಚಿಣ್ಣಿ. ಮಗ ದೂರದ ಊರುಗಳಿಗೆ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬಂದು, ಕೊಳೆ ಬಟ್ಟೆ ಎಸೆದು, ಎರಡು ದಿನ ನಿದ್ದೆ ಹೊಡೆದು ಮತ್ತೆ ಹೊರಡುತ್ತಾನೆ. ಅವನನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ವಾಪಸ್ಸು.

ಹೀಗಾಗಿ ಚಿಣ್ಣಿ ಅಜ್ಜಿಯ ಸೊತ್ತೇ ಆಗಿಬಿಟ್ಟಿದ್ದಳು. ಮೂರು ಗಂಟೆಗೆ ಸ್ಕೂಲು ಬಿಟ್ಟು ಬಂದರೆ ಊಟ, ನಿದ್ದೆ, ಆಮೇಲೆ ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಇಬ್ಬರ ಕಾರುಬಾರು ಶುರು. ಎರಡು ತೂತಿನ ಗುಂಡಿ ಈ ಡಬ್ಬಿಗೆ, ನಾಲ್ಕು ತೂತಿನದು ಆ ಡಬ್ಬಿಗೆ. ನಡುವೆ ದರ್ಜಿಯ ಮೂಗಿನ ಮೇಲೆ ಜಾರುವ ಕನ್ನಡಕದ ಬಗ್ಗೆ, ಕ್ಲಾಸಿನಲ್ಲಿ ಯಾರು ಯಾರನ್ನು ಕಚ್ಚಿದರು ಎನ್ನುವುದರ ಬಗ್ಗೆ ಪಟ್ಟಾಂಗ. ಆರಕ್ಕೆ ಸೊಸೆ ಬಂದರೆ ಚಿಣ್ಣಿ ತಲೆಯೆತ್ತಿ "ಬಂದ್ಯಾ ಅಮ್ಮ" ಎಂದು ಮತ್ತೆ ಡಬ್ಬಿಯೊಳಗೆ ಕೈ ಹಾಕುತ್ತಿದ್ದಳು. ಸೊಸೆ ಕೈಕಾಲು ತೊಳೆದು ಅಡುಗೆಮನೆ ಸೇರುತ್ತಿದ್ದಳು. ಏಳೂವರೆಗೆಲ್ಲ ಊಟ ಮುಗಿದು ಮಗು ಮಲಗಿಬಿಡುತ್ತಿತ್ತು. ಆ ಏರ್ಪಾಡಿನಲ್ಲಿ ಯಾರಿಗೂ ತೊಂದರೆ ಇಲ್ಲವೆಂದೇ ಅಜ್ಜಿ ತಿಳಿದಿದ್ದಳು.

ಎರಡನೇ ಕ್ಲಾಸಿಗೆ ಹೋಗುತ್ತಿದ್ದಂತೆ ಹೋಂವರ್ಕ್ ಬಂತು. ಮೊದಲ ವಾರ ಅಜ್ಜಿಯೇ ಮಾಡಿಸಿದಳು. ಅವಳೂ ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಕೂಡುವ ಕಳೆಯುವ ಲೆಕ್ಕಕ್ಕೆ ಹೆದರುವವಳಲ್ಲ. ಆದರೆ ಐದನೆಯ ದಿನ ಪುಸ್ತಕದಲ್ಲಿ ಒಂದು ಲೆಕ್ಕ ಬಂತು. ಒಂದು ಅಂಗಿಗೆ ಆರು ಗುಂಡಿ, ಎರಡು ಅಂಗಿಗೆ ಎಷ್ಟು ಗುಂಡಿ?

"ಆರಾ?" ಅಂದಳು ಅಜ್ಜಿ. "ಯಾವನೇ ಅದು ಆರು ಗುಂಡಿ ಇಟ್ಟೋನು? ಹೊಟ್ಟೆ ಹತ್ರ ಬಿಟ್ಕೊಳ್ಳುತ್ತೆ. ಎದೆಗೆ ಏಳು, ತೋಳಿನ ಪಟ್ಟಿಗೆ ಒಂದೊಂದು, ಒಳಗಡೆ ಒಂದು ಹೆಚ್ಚಿಂದು ಹಚ್ಚಿಡ್ಬೇಕು, ಕಿತ್ತೋದ್ರೆ ಇರ್ಲಿ ಅಂತ. ಹತ್ತು. ಎರಡು ಅಂಗಿಗೆ ಇಪ್ಪತ್ತು, ಬರಿ."

ಚಿಣ್ಣಿ ದಪ್ಪ ಅಕ್ಷರದಲ್ಲಿ ಇಪ್ಪತ್ತು ಬರೆದಳು. ಮರುದಿನ ಅದರ ಮೇಲೆ ಕೆಂಪು ಇಂಕಿನ ಅಡ್ಡಗೀಟು ಬಿದ್ದಿತ್ತು, ಪಕ್ಕದಲ್ಲಿ "ಮನೆಯಲ್ಲಿ ಗಮನ ಕೊಡಿ" ಎಂಬ ಮಾತು. ಸೊಸೆ ಅದನ್ನು ಓದಿ ಮೊದಲು ನಕ್ಕಳು, ಆಮೇಲೆ ಮೆತ್ತಗೆ ಹೇಳಿದಳು, "ಇನ್ಮೇಲೆ ಹೋಂವರ್ಕ್ ನಾನೇ ಮಾಡಿಸ್ತೀನಿ ಬಿಡಿ ಅತ್ತೆ. ನಿಮಗ್ಯಾಕೆ ತೊಂದರೆ."

ತೊಂದರೆಯಂತೆ! ಮೂವತ್ತೆರಡು ವರ್ಷ ಗುಂಡಿ ಎಣಿಸಿದವಳಿಗೆ ಗುಂಡಿಯ ಲೆಕ್ಕ ಬರುವುದಿಲ್ಲವೆಂದು ಇವಳು ಹೇಳಬೇಕೆ! ಅಂದಿನಿಂದ ಆರಕ್ಕೆ ಸೊಸೆ ಬರುವುದು, ಕೈ ಎರಡೆರಡು ಸಲ ಸೋಪು ಹಾಕಿ ತೊಳೆಯುವುದು, ಒಳಕೋಣೆಯ ಮಂಚದ ಮೇಲೆ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೂರುವುದು ನಡೆಯಿತು. ಅಡುಗೆ ಅಜ್ಜಿಯ ಪಾಲಿಗೆ ಬಂತು. ಒಗ್ಗರಣೆಯ ಸದ್ದಿನ ನಡುವೆಯೂ ಅವಳ ಕಿವಿ ಒಳಕೋಣೆಯಲ್ಲೇ ಇರುತ್ತಿತ್ತು. ಹತ್ತು ನಿಮಿಷದ ಲೆಕ್ಕಕ್ಕೆ ಒಂದು ಗಂಟೆ ಯಾಕೆ ಬೇಕು? ಲೆಕ್ಕದಲ್ಲಿ ನಗುವಂಥದ್ದು ಏನಿದೆ? ಒಂದು ದಿನ ನೀರು ಕೊಡುವ ನೆಪದಲ್ಲಿ ಒಳಗೆ ಹೋದರೆ, ಚಿಣ್ಣಿ ಅಮ್ಮನ ತೊಡೆಯ ಮೇಲೆ ಕಾಲು ಚಾಚಿ ಮಲಗಿಕೊಂಡೇ ಬರೆಯುತ್ತಿದ್ದಾಳೆ. ಅಜ್ಜಿಯ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಅವಳಿಗೆ ಹೊಟ್ಟೆಕಿಚ್ಚು ಎಂದರೆ ಏನೆಂದು ಗೊತ್ತಿಲ್ಲದೆ ಇರಲಿಲ್ಲ. ಎದುರುಮನೆಯವಳ ಹೊಸ ಮಿಕ್ಸಿಯ ಮೇಲೆ, ದರ್ಜಿ ಹೆಂಡತಿಯ ಕಪ್ಪು ಕೂದಲಿನ ಮೇಲೆ ಸಣ್ಣಪುಟ್ಟದ್ದು ಆಗಾಗ ಬಂದು ಹೋಗುತ್ತಿತ್ತು. ಇದು ಹೋಗುವ ಜಾತಿಯದಲ್ಲ. ಸೊಸೆಯ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಚಿಣ್ಣಿ ಗುಂಡಿಗಳನ್ನು ಅಲ್ಲೇ ಸುರಿದು ಓಡುತ್ತಿದ್ದಳು. ಚೆಲ್ಲಿದ್ದನ್ನು ಹೆಕ್ಕುತ್ತ ಅಜ್ಜಿ ಹಲ್ಲು ಕಡಿಯುತ್ತಿದ್ದಳು. ಆ ವಾರ ಎರಡು ಅಂಗಿಗೆ ಕಾಜಾ ಎಡಗಡೆ ಹಾಕುವ ಬದಲು ಬಲಗಡೆ ಹಾಕಿಬಿಟ್ಟಳು. ದರ್ಜಿ ತಾನೇ ಮೇಲೆ ಬಂದು, "ಅಜ್ಜಿ, ಗಂಡಸರ ಅಂಗಿ ಕಣಮ್ಮ ಇದು" ಎಂದು ಕೈಯಲ್ಲಿ ಹಿಡಿದು ತೋರಿಸಿ ಹೋದ.

ಅಷ್ಟರಲ್ಲಿ ಸ್ಕೂಲಿನಿಂದ ಚೀಟಿ ಬಂತು. ಚಿಕ್ಕ ಮಕ್ಕಳಿಗೆ ಹೋಂವರ್ಕ್ ಬೇಕೋ ಬೇಡವೋ ಎಂದು ಕೇಳಲು ಶನಿವಾರ ಪೋಷಕರ ಸಭೆ. ಸೊಸೆಗೆ ಅಂದು ಡ್ಯೂಟಿ. "ನೀವೇ ಹೋಗಿ ಬನ್ನಿ ಅತ್ತೆ" ಅಂದಳು. ಅಜ್ಜಿ ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟು ಹೋಗಿ ಮುಂದಿನ ಬೆಂಚಿನಲ್ಲೇ ಕೂತಳು.

ಔಷಧಿ ಅಂಗಡಿಯವನೊಬ್ಬ ಎದ್ದು, ಈಗಿನಿಂದ ಅಭ್ಯಾಸ ಮಾಡಿಸದಿದ್ದರೆ ಮಕ್ಕಳು ಮುಂದೆ ಸೋಮಾರಿಗಳಾಗುತ್ತಾರೆ ಎಂದ. ಒಂದಿಬ್ಬರು ತಲೆಯಾಡಿಸಿದರು. ಅಜ್ಜಿ ಎದ್ದಳು.

"ಏನ್ರೀ ಅಭ್ಯಾಸ? ಬೆಳಿಗ್ಗೆಯಿಂದ ಬೆನ್ನು ಬಗ್ಗಿಸಿ ಬರೆದಿರುತ್ತೆ ಮಗು. ನಮ್ಮ ದರ್ಜಿ ಇದಾನಲ್ಲ, ಕೆಲಸದಲ್ಲಿ ರಾಕ್ಷಸ. ಅವನೂ ಅಂಗಡಿ ಬಾಗಿಲು ಹಾಕಿದ ಮೇಲೆ ಸೂಜಿ ಮುಟ್ಟಲ್ಲ. ಏಳು ವರ್ಷದ್ದಕ್ಕೆ ಮನೆಗೂ ಕೆಲಸ ಕಟ್ಟಿ ಕಳಿಸ್ತೀರಲ್ಲ, ನಿಮಗೆ ಕರುಣೆ ಬೇಡ್ವಾ? ಇಷ್ಟಕ್ಕೂ ಆ ಹೋಂವರ್ಕ್ ಯಾರಿಗೆ? ಮಕ್ಕಳಿಗೋ ಅವರಮ್ಮಂದಿರಿಗೋ?"

ಕೊನೆಯ ಮಾತಿಗೆ ಸಭೆ ಚಪ್ಪಾಳೆ ತಟ್ಟಿತು. ಎಷ್ಟೋ ಅಮ್ಮಂದಿರ ಕಣ್ಣು ಒದ್ದೆಯಾಯಿತು. ಅಜ್ಜಿ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳಿದ್ದು ಯಾಕೆ ಎಂಬುದೊಂದನ್ನು ಬಿಟ್ಟರೆ. ಕೈ ಎತ್ತಿಸಿದರು. ಮೂರನೇ ಕ್ಲಾಸಿನವರೆಗೆ ಹೋಂವರ್ಕ್ ಇಲ್ಲ ಎಂದು ಹೆಡ್‌ಮಿಸ್ ಅಲ್ಲೇ ಬರೆದು ಸಹಿ ಹಾಕಿದರು. ಅಜ್ಜಿ ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಸೊಸೆಗೆ ಸುದ್ದಿ ಹೇಳಿದಾಗ ಅವಳು "ಹೌದಾ" ಎಂದಷ್ಟೇ ಅಂದು ನಲ್ಲಿಯ ಕಡೆ ಹೋದಳು.

ಸೋಮವಾರ ಅಜ್ಜಿ ಮೂರಕ್ಕೇ ಚಾಪೆ ಹಾಸಿ ಗುಂಡಿ ಹರವಿದಳು. ಕೋಟಿನ ದೊಡ್ಡ ಗುಂಡಿಗಳನ್ನೂ ದರ್ಜಿಯ ಹತ್ತಿರ ಕೇಳಿ ತಂದಿದ್ದಳು. ಐದೂವರೆಗೆ ಚಿಣ್ಣಿ ನಿದ್ದೆಯಿಂದೆದ್ದು, ಗುಂಡಿಗಳನ್ನು ಒಮ್ಮೆ ನೋಡಿ, "ಹೋಂವರ್ಕ್ ಇಲ್ಲ ಅಲ್ವಾ ಅಜ್ಜಿ?" ಅಂದಳು.

"ಇಲ್ಲ ಕಣೆ ನನ್ನ ಬಂಗಾರ. ಬಾ ಕೂತ್ಕೋ."

ಚಿಣ್ಣಿ ಚಾಪೆ ದಾಟಿ, ಬಾಗಿಲು ದಾಟಿ, ಮೆಟ್ಟಿಲು ಇಳಿದು ಮಾಯವಾದಳು. ಕೆಳಗೆ ಬೀದಿಯಲ್ಲಿ ಹೋಂವರ್ಕ್ ಇಲ್ಲದ ಹತ್ತು ಮಕ್ಕಳ ಗದ್ದಲ. ಆರಕ್ಕೆ ಸೊಸೆ ಬಂದು ಕೈ ತೊಳೆದು ಒಳಕೋಣೆಯ ಮಂಚದ ಮೇಲೆ ಕೂತಳು. ಅಜ್ಜಿ ಚಾಪೆಯ ಮೇಲೆ ಕೂತಳು. ಮಗು ಏಳಕ್ಕೆ ಮೈಯೆಲ್ಲ ಧೂಳು ಮಾಡಿಕೊಂಡು ಬಂತು, ಅನ್ನದ ತಟ್ಟೆಯ ಮುಂದೆಯೇ ತೂಕಡಿಸಿತು. ಮಂಗಳವಾರವೂ ಇದೇ. ಬುಧವಾರವೂ ಇದೇ. ಮಗು ಸೊಸೆಗೂ ಸಿಗಲಿಲ್ಲ ಎಂಬುದರಲ್ಲಿ ಅಜ್ಜಿಗೆ ಮೊದಲ ದಿನ ಒಳಗೊಳಗೇ ಒಂದು ತಂಪು ಇತ್ತು. ಮೂರನೆಯ ದಿನ ಅದೂ ಇರಲಿಲ್ಲ.

ಗುರುವಾರ ಅಜ್ಜಿ ಕಾಫಿ ಲೋಟ ಹಿಡಿದು ಒಳಗೆ ಹೋದಳು. ಸೊಸೆ ಮಗಳ ನೋಟ್‌ಬುಕ್ಕಿನ ಹಳೆಯ ಪುಟ ತಿರುವುತ್ತಿದ್ದಳು.

"ಅಷ್ಟೊಂದು ಚಿಂತೆ ಯಾಕೆ? ಲೆಕ್ಕ ಕಲೀತಾಳೆ ಬಿಡು" ಅಂದಳು ಅಜ್ಜಿ.

"ಲೆಕ್ಕ ಯಾರಿಗೆ ಬೇಕು ಅತ್ತೆ?" ಸೊಸೆ ತಲೆಯೆತ್ತಲಿಲ್ಲ. "ಮೂರು ಗಂಟೆಯಿಂದ ಅವಳು ನಿಮ್ಮವಳು. ನಾನು ಬರೋ ಹೊತ್ತಿಗೆ ನೀವಿಬ್ರೂ ಏನೋ ಹೇಳ್ಕೊಂಡು ನಗ್ತಿರ್ತಿದ್ರಿ, ನನಗೆ ಅದರ ತಲೆಬುಡ ಗೊತ್ತಾಗ್ತಿರ್ಲಿಲ್ಲ. ಬಂದ್ಯಾ ಅಂತಿದ್ಳು, ಅಷ್ಟೆ. ಎಷ್ಟು ಉರೀತಿತ್ತು ಗೊತ್ತಾ? ಹೋಂವರ್ಕ್ ಬಂತಲ್ಲ, ಒಂದು ಗಂಟೆ ನನ್ನ ಪಕ್ಕ ಕೂರಲೇಬೇಕಿತ್ತು. ಎದ್ದು ಹೋಗೋಕೆ ಆಗ್ತಿರ್ಲಿಲ್ಲ. ಅದಕ್ಕೇ ಮೆಲ್ಲಗೆ ಮಾಡಿಸ್ತಿದ್ದೆ."

ಅಜ್ಜಿ ಲೋಟ ಇಟ್ಟು ಹೊರಗೆ ಬಂದಳು. ಅವಳ ಹೊಟ್ಟೆಯಲ್ಲಿ ಉರಿದದ್ದೇ ಸೊಸೆಯ ಹೊಟ್ಟೆಯಲ್ಲಿ ಏಳು ವರ್ಷ ಉರಿದಿತ್ತು. ತನ್ನದು ಬರೀ ಒಂದೆರಡು ತಿಂಗಳಿನದು. ಇಷ್ಟು ದೊಡ್ಡ ಹೊಟ್ಟೆಕಿಚ್ಚನ್ನು ಬಾಯಿಮುಚ್ಚಿಕೊಂಡು ಸಾಕಿದ ಹುಡುಗಿಯ ಮೇಲೆ ಅಜ್ಜಿಗೆ ಸಿಟ್ಟು ಬರಲಿಲ್ಲ. ತನ್ನ ಮೇಲೆ ನಾಚಿಕೆ ಬಂತು, ಬಹಳ ಬಂತು.

ಶುಕ್ರವಾರ ಸ್ಕೂಲಿಗೆ ಹೋಗಿ, ನಮ್ಮ ಮಗುವಿಗೆ ಮಾತ್ರ ಒಂದಿಷ್ಟು ಹೋಂವರ್ಕ್ ಕೊಡಿ ಎಂದು ಹೆಡ್‌ಮಿಸ್ಸನ್ನು ಕೇಳಿದಳು. ಅವರು ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದರು. "ಅಮ್ಮ, ಮೊನ್ನೆ ಕರುಣೆ ಇಲ್ವಾ ಅಂತ ಬೈದವರು ನೀವೇ ಅಲ್ವಾ?" ಅಜ್ಜಿ ಎದ್ದು ಬಂದಳು.

ಮನೆಗೆ ಬಂದು ಚಿಣ್ಣಿಯ ನೋಟ್‌ಬುಕ್ ತೆಗೆದು, ಕಾಜಾದ ಗುರುತು ಹಾಕುವ ಪೆನ್ಸಿಲಿನಲ್ಲಿ, ಮೂರು ಸಲ ಅಳಿಸಿ, ಒಂದು ಲೆಕ್ಕ ಬರೆದಳು: ಅಮ್ಮ ಇವತ್ತು ಎಷ್ಟು ಜನರ ರಕ್ತ ತೆಗೆದಳು? ಅದರಲ್ಲಿ ಅತ್ತವರು ಎಷ್ಟು? ಅಳದೆ ಇದ್ದವರು ಎಷ್ಟು?

"ಇದಕ್ಕೆ ಉತ್ತರ ನಂಗೇನ್ ಗೊತ್ತು?" ಅಂದಳು ಚಿಣ್ಣಿ.

"ನಂಗೂ ಗೊತ್ತಿಲ್ಲ. ಗೊತ್ತಿರೋರನ್ನ ಕೇಳು. ಈಗ ಆಟಕ್ಕೆ ಹೋಗು, ಅಮ್ಮ ಬಂದಾಗ ಬಾ."

ಆರಕ್ಕೆ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿಯ ಸದ್ದಾಯಿತು. ಮಗು ಅಮ್ಮನ ಸೆರಗು ಹಿಡಿದುಕೊಂಡು, ಬೀದಿಯಿಂದಲೇ ಲೆಕ್ಕ ಕೇಳುತ್ತ ಬರುತ್ತಿತ್ತು. ಸೊಸೆ ನೋಟ್‌ಬುಕ್ ತೆರೆದು ನೋಡಿದಳು. ಅಂಥ ಸೊಟ್ಟ ಅಕ್ಷರ ಆ ಮನೆಯಲ್ಲಿ ಒಬ್ಬರದೇ. ಅಡುಗೆಮನೆಯ ಕಡೆ ಒಮ್ಮೆ ನೋಡಿದಳು, ಮಗಳನ್ನು ಮಂಚಕ್ಕೆ ಎಳೆದುಕೊಂಡಳು. ಆಮೇಲೆ ಶುರುವಾಯಿತು. ಸೂಜಿ ನೋಡುತ್ತಲೇ ಕುರ್ಚಿಯಿಂದ ಜಾರಿದ ಮೀಸೆಯ ಪೊಲೀಸಿನವನು, ತಾನೇ ಅಳುತ್ತ ಅಮ್ಮನಿಗೆ ಸಮಾಧಾನ ಹೇಳಿದ ಪುಟ್ಟ ಮಗು, ಸೊಸೆಯ ಕೈಯನ್ನೇ ಕಚ್ಚಲು ಬಂದ ಮುದುಕ. ಕೆಳಗಿನಿಂದ ಮಕ್ಕಳು ಚಿಣ್ಣಿಯನ್ನು ಕೂಗಿದರು. ಚಿಣ್ಣಿ ಹೋಗಲಿಲ್ಲ. "ಅಮ್ಮ, ಆ ಮುದುಕನ್ನ ಅತ್ತವರಲ್ಲಿ ಸೇರಿಸೋದಾ, ಅಳದವರಲ್ಲಾ?" ಎಂದಳು, ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅಡುಗೆಮನೆಯಲ್ಲಿ ಅಜ್ಜಿಗೆ ಹೊಟ್ಟೆ ಉರಿಯಿತು. ಮೊದಲಿನಷ್ಟೇ ಉರಿಯಿತು, ಒಂದು ಕೂದಲೆಳೆಯಷ್ಟೂ ಕಮ್ಮಿಯಿಲ್ಲ. ಅವಳು ಒಲೆ ಸಣ್ಣ ಮಾಡಿ, ಪೆನ್ಸಿಲು ಹುಡುಕಿ, ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನಾಳೆಯ ಲೆಕ್ಕ ಬರೆಯಲು ಕೂತಳು. ಅದನ್ನು ಇವತ್ತಿನದಕ್ಕಿಂತ ಎರಡು ಸಾಲು ಉದ್ದ ಮಾಡಿದಳು.